ಓವೆರ್ನ್: ಕರಿಕಲ್ಲಿನ ಸೀಮೆ

1751ರಲ್ಲಿ ಫ್ರೆಂಚ್ ಪ್ರಕೃತಿವಿಜ್ಞಾನಿ ಜಾಂ-ಎತಿಯೆನ್ ಗೆತ್ತಾರ್ ತನ್ನ ದೇಶದ ನಡುಭಾಗದಲ್ಲಿ ಪ್ರಯಾಣ ಮಾಡುತ್ತಿದ್ದ. ಮುಲೆಂ ಪಟ್ಟಣ ಮುಟ್ಟಿದಾಗ ಅಲ್ಲಿನ ಮೈಲಿಗಲ್ಲುಗಳಿಗೆ ಬಳಸಿದ್ದ ಕಪ್ಪು ಕಲ್ಲು ಅವನ ಕಣ್ಣಿಗೆ ಬಿತ್ತು. ಇಟಲಿಯ ವಿಸೂವಿಯಸ್‌ನಿಂದ ತಂದ ಲಾವಾ ತುಣುಕುಗಳಿಗೂ ಇದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಎಲ್ಲಿಯ ಕಲ್ಲು ಎಂದು ಕೇಳಿದರೆ ಜನ ವೋಲ್ವಿಕ್ ಎಂಬ ಊರಿನ ಹೆಸರು ಹೇಳಿದರು. ಗೆತ್ತಾರ್ ಆ ಕಲ್ಲಿನ ಜಾಡು ಹಿಡಿದು ದಕ್ಷಿಣಕ್ಕೆ ಹೊರಟ, ವೋಲ್ವಿಕ್‌ನ ಗಣಿಗಳನ್ನು ನೋಡಿದ, ಸುತ್ತಲಿನ ಗುಡ್ಡಗಳನ್ನು ಹತ್ತಿ ಇಳಿದ. ಇವೆಲ್ಲ ಒಂದಾನೊಂದು ಕಾಲಕ್ಕೆ ಬೆಂಕಿ ಉಗುಳಿದ ಬೆಟ್ಟಗಳೆಂದು ಮರುವರ್ಷ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ಪ್ರಬಂಧ ಓದಿದ. ಫ್ರಾನ್ಸಿನ ನೆಲದಲ್ಲೂ ಜ್ವಾಲಾಮುಖಿಗಳಿದ್ದವು ಎಂಬುದು ಆಗಿನ ವಿದ್ವಾಂಸರಿಗೆ ಹೊಸ ಸುದ್ದಿ. ಆ ಹೊತ್ತಿಗೆ ಅಲ್ಲಿಯ ಜನ ಐನೂರು ವರ್ಷಗಳಿಂದ ಅದೇ ಲಾವಾವನ್ನು ಕಡಿದು ಮನೆ, ಚರ್ಚು, ಕಾರಂಜಿ ಕಟ್ಟಿಕೊಂಡು ಬಾಳುತ್ತಿದ್ದರು.

ಆ ಸೀಮೆಯೇ ಓವೆರ್ನ್. ಮಾಸೀಫ್ ಸಾಂತ್ರಾಲ್ ಎಂಬ ಹಳೆಯ ಪ್ರಸ್ಥಭೂಮಿಯ ನೆತ್ತಿಯ ಮೇಲೆ ಹರಡಿಕೊಂಡಿರುವ ಈ ಪ್ರದೇಶದಲ್ಲಿ ಪ್ವಿ-ದ-ದೋಮ್, ಕಾಂತಾಲ್, ಓತ್-ಲ್ವಾರ್ ಮತ್ತು ಆಲಿಯೇ ಎಂಬ ನಾಲ್ಕು ಜಿಲ್ಲೆಗಳಿವೆ. 2016ರಿಂದ ಆಡಳಿತದ ಲೆಕ್ಕದಲ್ಲಿ ಇದು ಓವೆರ್ನ್-ರೋನ್-ಆಲ್ಪ್ಸ್ ಪ್ರಾಂತದ ಭಾಗ. ಹೆಸರು ಬಂದದ್ದು ಅರ್ವೆರ್ನಿ ಎಂಬ ಗಾಲ್ ಬುಡಕಟ್ಟಿನಿಂದ. ಕ್ಲೆರ್ಮೋಂ-ಫೆರಾಂ ಒಂದನ್ನು ಬಿಟ್ಟರೆ ದೊಡ್ಡ ನಗರವಿಲ್ಲ. ಉಳಿದದ್ದೆಲ್ಲ ಹುಲ್ಲುಗಾವಲು, ಕಾಡು, ಕೆರೆ, ದನಗಳ ಹಿಂಡು ಮತ್ತು ಕಲ್ಲಿನ ಹಳ್ಳಿಗಳು.

ಇಲ್ಲಿಗೆ ಹೋಗುವವರು ಪ್ರಕೃತಿಗೆ ಎರಡು ದಿನ, ಇತಿಹಾಸಕ್ಕೆ ಎರಡು ದಿನ ಎಂದು ಹಂಚಿಕೊಂಡರೆ ಅರ್ಧ ನೋಟವನ್ನು ಕಳೆದುಕೊಳ್ಳುತ್ತಾರೆ. ಓವೆರ್ನ್‌ನಲ್ಲಿ ಬೆಟ್ಟದ ಕಲ್ಲೇ ಇಗರ್ಜಿಯ ಗೋಡೆ. ಲಾವಾದ ಮೇಲಿನ ಹುಲ್ಲು ಚೀಸಾಗಿದೆ, ಲಾವಾದ ಕೆಳಗಿನ ನೀರು ಬಾಟಲಿ ಸೇರಿದೆ.

ಕ್ಲೆರ್ಮೋಂ ನಗರದ ಪಶ್ಚಿಮಕ್ಕೆ ಉತ್ತರ-ದಕ್ಷಿಣವಾಗಿ ಸಾಲುಗಟ್ಟಿ ನಿಂತ ಸುಮಾರು 80 ಗುಡ್ಡಗಳಿಗೆ ಶೆನ್ ದೆ ಪ್ವಿ ಎಂದು ಹೆಸರು. ಪ್ವಿ ಎಂದರೆ ಸ್ಥಳೀಯರ ಮಾತಿನಲ್ಲಿ ಗುಡ್ಡ. ಇವು ಹುಟ್ಟತೊಡಗಿದ್ದು ಸುಮಾರು 95,000 ವರ್ಷಗಳ ಹಿಂದೆ, ಈ ಸಾಲಿನ ಕೊನೆಯ ಸ್ಫೋಟ ಸುಮಾರು 8,400 ವರ್ಷಗಳ ಹಿಂದಿನದು. ಒಂದೊಂದು ಗುಡ್ಡವೂ ಒಂದೇ ಸಲ ಸಿಡಿದು ಆರಿಹೋದದ್ದು, ಹಾಗಾಗಿ ಒಂದರ ಆಕಾರ ಇನ್ನೊಂದಕ್ಕಿಲ್ಲ. ಪ್ವಿ ದ ಪಾರ್ಯೂ ನೆತ್ತಿಯಲ್ಲಿ ಬೋಗುಣಿಯಂಥ ದುಂಡು ಕುಳಿಯಿದೆ. ಪ್ವಿ ದ ಕೋಮ್‌ಗೆ ಒಂದರೊಳಗೊಂದು ಎರಡು ಕುಳಿ. ದಕ್ಷಿಣದ ಲಾ ವಾಶ್ ಮತ್ತು ಲಾಸೊಲಾ ಗುಡ್ಡಗಳಲ್ಲಿ ಲಾವಾ ಒಂದು ಮಗ್ಗುಲನ್ನೇ ಒಡೆದುಕೊಂಡು ಹೊರಹರಿದಿದೆ. ಆ ಲಾವಾ ಕಣಿವೆಗೆ ಅಡ್ಡಗಟ್ಟಿ ನಿಂತದ್ದರಿಂದ ಆಯ್ದಾ ಕೆರೆ ಹುಟ್ಟಿತು. ಗುಡ್ಡಸಾಲಿನ ಪೂರ್ವಕ್ಕೆ ನೆಲವೇ ಸೀಳಿ ಲಿಮಾನ್ಯ್ ಬಯಲು ಕುಸಿದಿದೆ. ಖಂಡವೊಂದು ಹೇಗೆ ಬಿರಿಯುತ್ತದೆ ಎಂಬುದನ್ನು ಈ ಸೀಳು ಮತ್ತು ಈ ಸಾಲು ಒಟ್ಟಿಗೆ ತೋರಿಸುತ್ತವೆಂದು ಯುನೆಸ್ಕೊ 2018ರಲ್ಲಿ ಎರಡನ್ನೂ ಸೇರಿಸಿ ವಿಶ್ವಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು.

ಸಾಲಿನ ಯಜಮಾನ ಪ್ವಿ ದ ದೋಮ್, ಎತ್ತರ 1,465 ಮೀಟರ್. ಇದಕ್ಕೆ ಕುಳಿಯಿಲ್ಲ. ಸುಮಾರು 11,000 ವರ್ಷಗಳ ಹಿಂದೆ ಮೇಲೆದ್ದ ಇದರ ಲಾವಾ ಅಂಬಲಿಯಂತೆ ಹರಿಯುವಂಥದ್ದಲ್ಲ, ಮುದ್ದೆಯಂತೆ ಗಟ್ಟಿ. ಹೊರಬಂದ ಜಾಗದಲ್ಲೇ ರಾಶಿಬಿದ್ದು ಗುಮ್ಮಟವಾಯಿತು. ಬುಡದಿಂದ ತುದಿಗೆ 2012ರಿಂದ ಹಲ್ಲುಕಂಬಿಯ ಪುಟ್ಟ ರೈಲು ಓಡುತ್ತಿದೆ, ಕಾಲು ಗಂಟೆಯ ದಾರಿ. ಕಾಲಿನಲ್ಲಿ ಕಸುವಿದ್ದವರಿಗೆ ಹಿಂದಿನ ಕಾಲದ ಹೇಸರಗತ್ತೆಯವರ ಹಾದಿ ಇದೆ. ಅಂಕುಡೊಂಕಾಗಿ ಹತ್ತುವ ಆ ಹಾದಿಗೆ ಒಂದು ಗಂಟೆ ಸಾಕು, ಬೆಟ್ಟದ ಗುರುತು ಸಿಗುವುದು ಅದರಲ್ಲೇ.

ತುದಿಯಲ್ಲಿ ರೋಮನ್ನರ ಬುಧದೇವ ಮರ್ಕ್ಯುರಿಯ ದೇವಾಲಯದ ಅವಶೇಷವಿದೆ. ಕ್ರಿ.ಶ. ಎರಡನೆಯ ಶತಮಾನದ ಈ ಕಟ್ಟಡ ಮಣ್ಣಿನಡಿ ಮರೆತುಹೋಗಿತ್ತು. 1870ರ ದಶಕದಲ್ಲಿ ಹವಾಮಾನ ವೀಕ್ಷಣಾಲಯಕ್ಕೆ ಪಾಯ ತೋಡುವಾಗ ಮತ್ತೆ ಬೆಳಕು ಕಂಡಿತು. ವ್ಯಾಪಾರಿಗಳು, ದಾರಿಗರು ಹರಕೆ ಹೊತ್ತು ಹತ್ತುತ್ತಿದ್ದ ಬೆಟ್ಟ ಇದು. ವಾಣಿಜ್ಯದ ದೇವರಿಗೆ ಇಷ್ಟು ಎತ್ತರದಲ್ಲಿ ಇಷ್ಟು ದೊಡ್ಡ ಗುಡಿ ಕಟ್ಟಿದ್ದು ಗಾಲ್ ಸೀಮೆಯಲ್ಲಿ ಅಪರೂಪದ ಸಾಹಸ.

ಆದರೆ ಈ ಬೆಟ್ಟ ಜಗತ್ತಿಗೆ ಕೊಟ್ಟ ದೊಡ್ಡ ಕಾಣಿಕೆ 1648ರ ಸೆಪ್ಟೆಂಬರ್ 19ರದು. ಕ್ಲೆರ್ಮೋಂನಲ್ಲಿ ಹುಟ್ಟಿದ ಬ್ಲೇಸ್ ಪಾಸ್ಕಲ್ ಆಗ ಪ್ಯಾರಿಸಿನಲ್ಲಿದ್ದ, ವಯಸ್ಸು ಇಪ್ಪತ್ತೈದು. ಗಾಜಿನ ನಳಿಗೆಯಲ್ಲಿ ಪಾದರಸ ಎತ್ತರಕ್ಕೆ ನಿಲ್ಲುವುದು ಗಾಳಿಯ ಭಾರದಿಂದ ಎಂಬುದು ನಿಜವಾದರೆ, ಬೆಟ್ಟದ ಮೇಲೆ ಗಾಳಿ ಕಡಿಮೆ, ಪಾದರಸವೂ ತಗ್ಗಬೇಕು ಎಂಬುದು ಅವನ ತರ್ಕ. ಪರೀಕ್ಷೆ ಮಾಡಲು ಊರಲ್ಲಿದ್ದ ಅಕ್ಕನ ಗಂಡ ಫ್ಲೋರೆಂ ಪೆರಿಯೇಗೆ ಕಾಗದ ಬರೆದ. ಆ ದಿನ ಬೆಳಗ್ಗೆ ಪೆರಿಯೇ ಊರಿನ ಹಿರಿಯರನ್ನು ಕೂಡಿಸಿಕೊಂಡು ಮಿನಿಮ್ ಸನ್ಯಾಸಿಗಳ ಮಠದ ತೋಟದಲ್ಲಿ ಎರಡು ನಳಿಗೆಗಳನ್ನು ಅಳೆದ. ಎರಡರಲ್ಲೂ ಮಟ್ಟ ಒಂದೇ. ಒಂದನ್ನು ಅಲ್ಲೇ ಬಿಟ್ಟು, ದಿನವಿಡೀ ಕಣ್ಣಿಟ್ಟು ನೋಡುವಂತೆ ಒಬ್ಬ ಸನ್ಯಾಸಿಗೆ ಒಪ್ಪಿಸಿದ. ಇನ್ನೊಂದನ್ನು ಹೊತ್ತು ಬೆಟ್ಟ ಹತ್ತಿದರು. ತುದಿಯಲ್ಲಿ ಪಾದರಸ ಮೂರು ಅಂಗುಲಕ್ಕೂ ಮಿಕ್ಕಿ ಕೆಳಗಿಳಿದಿತ್ತು. ನೋಡಿದವರು ದಂಗಾದರು. ಪೆರಿಯೇ ಅಷ್ಟಕ್ಕೇ ಬಿಡಲಿಲ್ಲ. ತುದಿಯಲ್ಲಿದ್ದ ಪ್ರಾರ್ಥನಾಲಯದ ಒಳಗೆ, ಹೊರಗೆ, ಗಾಳಿಯಲ್ಲಿ, ಮರೆಯಲ್ಲಿ, ಮಂಜು ಕವಿದಾಗ, ಹೀಗೆ ಜಾಗ ಬದಲಿಸಿ ಐದು ಸಲ ಅಳೆದ. ಇಳಿಯುವಾಗ ನಡುದಾರಿಯಲ್ಲೂ ಅಳೆದ. ಸಂಜೆ ಮಠಕ್ಕೆ ಬಂದು ನೋಡಿದರೆ ಅಲ್ಲಿ ಬಿಟ್ಟಿದ್ದ ನಳಿಗೆ ಇದ್ದಲ್ಲೇ ಇತ್ತು. ಮಾರನೆಯ ದಿನ ನಗರದ ಕ್ಯಾಥೆಡ್ರಲ್ ಗೋಪುರವನ್ನೂ ಹತ್ತಿ ಅಳೆದ, ಅಷ್ಟು ಸಣ್ಣ ಎತ್ತರಕ್ಕೂ ವ್ಯತ್ಯಾಸ ಕಂಡಿತು. ಗಾಳಿಗೆ ತೂಕವಿದೆ ಎಂಬುದಕ್ಕೆ ಈ ಬೆಟ್ಟವೇ ಸಾಕ್ಷಿ ನಿಂತಿತು. ಇಂದು ಚಂಡಮಾರುತದ ಸುದ್ದಿಯಲ್ಲಿ ಕೇಳುವ ಹೆಕ್ಟೋಪಾಸ್ಕಲ್ ಎಂಬ ಮಾಪನದಲ್ಲಿ ಉಳಿದಿರುವುದು ಕ್ಲೆರ್ಮೋಂನ ಆ ಮಗನ ಹೆಸರು.

1908ರಲ್ಲಿ ಟಯರ್ ತಯಾರಕ ಮಿಶೆಲಿನ್ ಸಹೋದರರು, ಪ್ಯಾರಿಸಿನಿಂದ ಸಹಪ್ರಯಾಣಿಕನೊಬ್ಬನೊಡನೆ ಆರು ಗಂಟೆಯೊಳಗೆ ಹಾರಿ ಬಂದು ಇದೇ ತುದಿಯಲ್ಲಿ ವಿಮಾನ ಇಳಿಸಿದವರಿಗೆ ಒಂದು ಲಕ್ಷ ಫ್ರಾಂಕ್ ಬಹುಮಾನ ಸಾರಿದರು. ಆಗದ ಕೆಲಸವೆಂದು ಬಹಳ ಜನ ತಲೆಯಾಡಿಸಿದರು. 1911ರ ಮಾರ್ಚ್ 7ರಂದು ಯೂಜೀನ್ ರೆನೊ ಇಳಿಸಿಯೇ ಬಿಟ್ಟ. ಸೈಕಲ್ ಪ್ರಿಯರಿಗೆ ಇದೇ ಬೆಟ್ಟ 1964ರ ತೂರ್ ದ ಫ್ರಾನ್ಸ್ ಪಂದ್ಯದ ನೆನಪು. ಪ್ರತಿಸ್ಪರ್ಧಿಗಳಾದ ಆಂಕೆತಿಲ್ ಮತ್ತು ಪುಲಿದೋರ್ ಭುಜಕ್ಕೆ ಭುಜ ತಾಗಿಸಿಕೊಂಡು ಹತ್ತಿದ ಚಿತ್ರ ಫ್ರಾನ್ಸಿನ ಮನೆಮನೆಗೂ ಗೊತ್ತು.

ಜ್ವಾಲಾಮುಖಿಯ ಒಡಲೊಳಗೆ ಏನಿರುತ್ತದೆಂದು ತಿಳಿಯಬೇಕಾದವರು ಲಾಂತೆಜಿಗೆ ಹೋಗಬೇಕು. ರಸ್ತೆಗೆ, ಕಟ್ಟಡಕ್ಕೆ ಕೆಂಪು-ಕಪ್ಪು ಕಿಟ್ಟವನ್ನು ತೋಡಿ ತೋಡಿ ಅಲ್ಲಿ ಒಂದು ಇಡೀ ಗುಡ್ಡವೇ ಬಗೆದುಹೋಗಿದೆ. ಲಾವಾ ಏರಿಬಂದ ಗಂಟಲು, ಸಿಡಿದು ಬಿದ್ದ ಗುಂಡುಗಳು, ಬೂದಿಯ ಪದರಗಳು ಕೊಯ್ದಿಟ್ಟ ಹಲಸಿನ ಹಣ್ಣಿನಂತೆ ಬಿಚ್ಚಿಕೊಂಡಿವೆ. ಪಕ್ಕದಲ್ಲೇ 2002ರಲ್ಲಿ ತೆರೆದ ವುಲ್ಕಾನಿಯಾ ಎಂಬ ವಿಜ್ಞಾನ ಉದ್ಯಾನವಿದೆ. ಓವೆರ್ನ್‌ನವರೇ ಎನ್ನಬಹುದಾದ ಮಾಜಿ ರಾಷ್ಟ್ರಾಧ್ಯಕ್ಷ ವಲೇರಿ ಜಿಸ್ಕಾರ್ ದೆಸ್ತೇನ್ ಅದಕ್ಕಾಗಿ ಪಟ್ಟುಹಿಡಿದರು. ಆಸ್ಟ್ರಿಯಾದ ವಾಸ್ತುಶಿಲ್ಪಿ ಹಾನ್ಸ್ ಹೊಲ್ಲೈನ್ ಅದರ ಬಹುಭಾಗವನ್ನು ಲಾವಾದ ಒಳಗೇ ಕೊರೆದು ಕಟ್ಟಿದರು. ಮಕ್ಕಳಿಗೆ ವುಲ್ಕಾನಿಯಾ ಇಷ್ಟವಾಗುತ್ತದೆ. ಒಂದೇ ಆಯ್ಕೆ ಇದ್ದರೆ ಲಾಂತೆಜಿಯೇ ಮೇಲು, ಏಕೆಂದರೆ ಅಲ್ಲಿರುವುದು ಮಾದರಿಯಲ್ಲ, ನಿಜವಾದ ಬೆಟ್ಟ.

ಕ್ಲೆರ್ಮೋಂ-ಫೆರಾಂ ನಗರವನ್ನು ದೂರದಿಂದ ನೋಡಿದವರಿಗೆ ಮೊದಲು ಕಾಣುವುದು ಅದರ ಕ್ಯಾಥೆಡ್ರಲ್‌ನ ಎರಡು ಕಪ್ಪು ಮೊನೆಗೋಪುರಗಳು. 1248ರಲ್ಲಿ ಆರಂಭವಾದ ಈ ಗೋಥಿಕ್ ಕಟ್ಟಡಕ್ಕೆ ವೋಲ್ವಿಕ್ ಕಲ್ಲನ್ನೇ ಬಳಸಿದರು. ಮಸಿ ಹಿಡಿದು ಕಪ್ಪಾದದ್ದೆಂದು ಹೊಸಬರು ತಿಳಿಯುತ್ತಾರೆ, ಕಲ್ಲಿನ ಬಣ್ಣವೇ ಅದು. ಗಟ್ಟಿ ಲಾವಾ ಆದ್ದರಿಂದ ಕಂಬಗಳನ್ನು ತೆಳ್ಳಗೆ ಎತ್ತರಕ್ಕೆ ಎಬ್ಬಿಸಲು ಸಾಧ್ಯವಾಯಿತು. ಒಳಗೆ ಬಣ್ಣದ ಗಾಜಿನ ಕಿಟಕಿಗಳು ಕರಿಗೋಡೆಯ ನಡುವೆ ಹೊಳೆಯುವುದನ್ನು ಮಧ್ಯಾಹ್ನದ ಬಿಸಿಲಿನಲ್ಲೇ ನೋಡಬೇಕು. ಮೊನೆಗೋಪುರಗಳು ಮಾತ್ರ ಹತ್ತೊಂಬತ್ತನೆಯ ಶತಮಾನದವು, ವಾಸ್ತುಶಿಲ್ಪಿ ವಿಯೋಲೆ-ಲ-ದ್ಯುಕ್ ಯೋಜನೆಯಂತೆ ಎದ್ದವು. ನಾಲ್ಕು ಬೀದಿ ದಾಟಿದರೆ ನೋತ್ರ್-ದಾಮ್-ದ್ಯು-ಪೋರ್ ಇಗರ್ಜಿ. ಅದು ಹನ್ನೆರಡನೆಯ ಶತಮಾನದ ರೋಮನೆಸ್ಕ್ ಕಟ್ಟಡ, ತೆಳುಹಳದಿಯ ಮರಳುಗಲ್ಲಿನದು. ಅದಕ್ಕಿಂತ ಮೊದಲೇ, 1095ರ ನವೆಂಬರ್ 27ರಂದು, ಪೋಪ್ ಎರಡನೆಯ ಅರ್ಬನ್ ಮೊದಲ ಧರ್ಮಯುದ್ಧಕ್ಕೆ ಕರೆ ಕೊಟ್ಟದ್ದು ಈ ನಗರದಲ್ಲೇ. ಜೆರುಸಲೇಮಿನ ತನಕ ರಕ್ತ ಹರಿಸಿದ ಆ ಮಾತು ಹೊರಟ ಊರು ಇದೆಂಬುದನ್ನು ಅಲ್ಲಿ ನಿಂತಾಗ ಮರೆಯಲಾಗದು.

1889ರಲ್ಲಿ ಹುಟ್ಟಿದ ಮಿಶೆಲಿನ್ ಕಂಪನಿಯ ಕೇಂದ್ರ ಇಂದಿಗೂ ಇಲ್ಲೇ ಇದೆ. ಟಯರ್ ಸವೆಯಬೇಕಾದರೆ ಜನ ಊರೂರು ತಿರುಗಬೇಕು ಎಂಬ ಲೆಕ್ಕದಿಂದ 1900ರಲ್ಲಿ ಹೊರಟ ಅವರ ಪ್ರವಾಸಿ ಕೈಪಿಡಿಯೇ ಈಗ ರೆಸ್ಟೋರೆಂಟುಗಳಿಗೆ ನಕ್ಷತ್ರ ಕೊಡುವ ಕೆಂಪು ಪುಸ್ತಕ. ಫ್ರಾನ್ಸಿನ ಹಳ್ಳಿದಾರಿಗಳಲ್ಲಿ ಇಂದಿಗೂ ಅಲ್ಲಲ್ಲಿ ಕಾಣುವ ಹಳೆಯ ಮಿಶೆಲಿನ್ ದಾರಿಫಲಕಗಳಲ್ಲಿ ಬಣ್ಣದ ಗಾಜುಲೇಪದ ಹಿಂದಿರುವುದು ವೋಲ್ವಿಕ್ ಲಾವಾದ ಹಲಗೆ. ಮಳೆ, ಹಿಮ ಎರಡಕ್ಕೂ ಅದು ಜಗ್ಗುವುದಿಲ್ಲ. ಗೆತ್ತಾರ್‌ಗೆ ಗುಟ್ಟು ಬಿಟ್ಟುಕೊಟ್ಟ ಮೈಲಿಗಲ್ಲಿನ ವಂಶ ಹೀಗೆ ಇಪ್ಪತ್ತನೆಯ ಶತಮಾನದವರೆಗೂ ಮುಂದುವರಿಯಿತು.

ನಗರದ ದಕ್ಷಿಣಕ್ಕೆ ಮೇಜಿನಂತೆ ಚಪ್ಪಟೆಯಾದ ಜೆರ್ಗೊವಿ ಬೆಟ್ಟವಿದೆ. ಕ್ರಿ.ಪೂ. 52ರಲ್ಲಿ ಅರ್ವೆರ್ನಿಗಳ ನಾಯಕ ವೆರ್ಸೆಂಜೆತೊರಿಕ್ಸ್ ಜೂಲಿಯಸ್ ಸೀಸರನ ಸೈನ್ಯವನ್ನು ಹಿಮ್ಮೆಟ್ಟಿಸಿದ್ದು ಇಲ್ಲಿ. ಈ ಬೆಟ್ಟದ ಆಕಾರಕ್ಕೂ ಲಾವಾವೇ ಕಾರಣ. ಒಂದು ಕಾಲಕ್ಕೆ ತಗ್ಗಿನಲ್ಲಿ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಉಳಿಯಿತು, ಸುತ್ತಲಿನ ಮೆತ್ತನೆಯ ನೆಲ ಕೊಚ್ಚಿಹೋಯಿತು. ತಗ್ಗು ಹೋಗಿ ದಿಬ್ಬವಾಯಿತು, ದಿಬ್ಬ ಕೋಟೆಯಾಯಿತು. ಆ ಗೆಲುವಿನ ನೆನಪಿಗೆ ನಗರದ ಜೋದ್ ಚೌಕದಲ್ಲಿ ಕುದುರೆಯೇರಿದ ನಾಯಕನ ಪ್ರತಿಮೆ ನಿಂತಿದೆ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯನ್ನು ರೂಪಿಸಿದ ಬಾರ್ತೊಲ್ದಿಯೇ ಇದರ ಶಿಲ್ಪಿ.

ದಕ್ಷಿಣ-ಪಶ್ಚಿಮಕ್ಕೆ ಹೋದಂತೆ ಬೆಟ್ಟಗಳು ಹಳತಾಗುತ್ತವೆ, ಎತ್ತರವೂ ಆಗುತ್ತವೆ. ಮೋಂ-ದೋರ್ ಶ್ರೇಣಿಯ ಸಾಂಸಿ ಶಿಖರ 1,885 ಮೀಟರ್, ಮಾಸೀಫ್ ಸಾಂತ್ರಾಲ್‌ನಲ್ಲೇ ಎಲ್ಲಕ್ಕಿಂತ ಮೇಲೆ. ಅದರ ಮೈಯಿಂದ ಇಳಿಯುವ ದೋರ್ ಮತ್ತು ದೋನ್ ಎಂಬ ತೊರೆಗಳು ಕೂಡಿ ದೋರ್ದೋನ್ ನದಿಯಾಗುತ್ತವೆ. ಹತ್ತಿರದ ಓರ್ಸಿವಾಲ್ ಹಳ್ಳಿಯ ಇಗರ್ಜಿಯ ಹೊರಗೋಡೆಯಲ್ಲಿ ತುಕ್ಕುಹಿಡಿದ ಕಬ್ಬಿಣದ ಬೇಡಿಗಳು ತೂಗುತ್ತಿವೆ. ಸೆರೆಯಿಂದ ಬಿಡುಗಡೆಯಾದವರು ಮಾತೆ ಮೇರಿಗೆ ಹರಕೆ ತೀರಿಸಿದ ಗುರುತು ಅವು. ಸೇಂ-ನೆಕ್ತೇರ್‌ನ ಇಗರ್ಜಿಯಲ್ಲಿ ನೂರಕ್ಕೂ ಹೆಚ್ಚು ಕೆತ್ತನೆಯ ಕಂಬದ ಬೋದಿಗೆಗಳಿವೆ. ಅದೇ ಊರಿನ ಹೆಸರಿನ ಚೀಸು ರೈ ಹುಲ್ಲಿನ ಹಾಸಿನ ಮೇಲೆ, ಜ್ವಾಲಾಮುಖಿಯ ಮೆದುಕಲ್ಲಿನಲ್ಲಿ ಕೊರೆದ ನೆಲಮಾಳಿಗೆಗಳಲ್ಲಿ ಹಣ್ಣಾಗುತ್ತದೆ. ಅಣಬೆಯ, ಮಣ್ಣಿನ ವಾಸನೆ ಅದಕ್ಕೆ.

ಬೆಸ್ ಊರಿನ ಮೇಲಿರುವ ಪಾವೆಂ ಕೆರೆಯನ್ನು ಮಾತ್ರ ತಪ್ಪಿಸಬಾರದು. ಸುಮಾರು 6,900 ವರ್ಷಗಳ ಹಿಂದೆ ಕೆಳಗಿನ ಬಿಸಿ ಶಿಲಾರಸಕ್ಕೆ ನೀರು ತಾಗಿ ಆದ ಸ್ಫೋಟದಿಂದ ಈ ಗುಂಡಿ ಬಿತ್ತು. ಫ್ರಾನ್ಸಿನ ಮುಖ್ಯಭೂಮಿಯ ಅತಿ ಕಿರಿಯ ಜ್ವಾಲಾಮುಖಿ ಇದು. ಸುತ್ತಲೂ ಬೀಚ್ ಮರಗಳ ಕಾಡು, ನಡುವೆ ತಟ್ಟೆಯಂತೆ ದುಂಡಗಿನ ನೀರು, ಆಳ 92 ಮೀಟರ್. ಕೆಳಗಿನ ಮೂವತ್ತು ಮೀಟರ್‌ನಷ್ಟು ನೀರು ಮೇಲಿನದರ ಜೊತೆ ಎಂದೂ ಬೆರೆಯುವುದಿಲ್ಲ, ಅಲ್ಲಿ ಆಮ್ಲಜನಕವೇ ಇಲ್ಲ. ಪಾವೆಂ ಎಂಬ ಹೆಸರಿಗೆ ಮೂಲವಾದ ಲ್ಯಾಟಿನ್ ಪದದ ಅರ್ಥ ಭಯ ಹುಟ್ಟಿಸುವಂಥದ್ದು ಎಂದು. ಕಲ್ಲೆಸೆದರೆ ಬಿರುಗಾಳಿ ಏಳುತ್ತದೆ, ತಳದಲ್ಲಿ ಪಾಪಿಗಳ ಊರೊಂದು ಮುಳುಗಿದೆ ಎಂಬ ಕಥೆಗಳನ್ನು ಸುತ್ತಲಿನ ಹಳ್ಳಿಗರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಸಮೀಪದ ವಾಸಿವಿಯೇರ್‌ನ ಕರಿಯ ಮೇರಿ ವಿಗ್ರಹ ಬೇಸಗೆಗೆ ಬೆಸ್‌ನಿಂದ ಬೆಟ್ಟಕ್ಕೆ ಮೆರವಣಿಗೆಯಲ್ಲಿ ಹತ್ತುತ್ತದೆ, ಸೆಪ್ಟೆಂಬರಿನಲ್ಲಿ ಇಳಿದು ಬರುತ್ತದೆ. ದನಗಳು ಮೇವಿಗೆ ಬೆಟ್ಟ ಹತ್ತಿ ಇಳಿಯುವ ಕಾಲವೂ ಹೆಚ್ಚು ಕಡಿಮೆ ಅದೇ.

ದನಗಳ ಮಾತು ಬಂದರೆ ಕಾಂತಾಲ್‌ಗೆ ಹೋಗಬೇಕು. ಜಿಲ್ಲೆಯ ನಡುಭಾಗವೇ ಒಂದು ಸವೆದ ಜ್ವಾಲಾಮುಖಿ, ಯುರೋಪಿನ ಅತಿ ವಿಶಾಲವಾದವುಗಳಲ್ಲೊಂದು. ಹಿಮನದಿಗಳು ಕೊರೆದ ಕಣಿವೆಗಳು ಪ್ವಿ ಮಾರಿ ಶಿಖರದ ಸುತ್ತ ಚಕ್ರದ ಅರೆಗಾಲುಗಳಂತೆ ಹರಡಿವೆ. ಕಪ್ಪು ಮಣ್ಣು, ಸೊಂಪು ಹುಲ್ಲು, ಮೇಲೆ ಕೆಂಗಂದು ಬಣ್ಣದ, ವೀಣೆಯಂತೆ ಬಾಗಿದ ಕೊಂಬಿನ ಸಾಲೆರ್ಸ್ ತಳಿಯ ಹಸುಗಳು. ಕರು ಬಾಯಿ ಹಾಕದೆ ಈ ಹಸು ಹಾಲು ಇಳಿಸುವುದಿಲ್ಲ. ಆದ್ದರಿಂದ ಪ್ರತಿ ಹಸುವಿಗೂ ಅದರ ಕರುವನ್ನೇ ಹೆಸರು ಹಿಡಿದು ಕರೆದು, ಮೊದಲು ಕುಡಿಸಿ, ಆಮೇಲೆ ತಾಯಿಯ ಮುಂಗಾಲಿನ ಬಳಿ ಕಟ್ಟಿ ಹಾಲು ಕರೆಯುತ್ತಾರೆ. ಕರುವಿನ ಬೆನ್ನಿಗೆ ಒಂದಿಷ್ಟು ಉಪ್ಪು ಸವರಿದರೆ ತಾಯಿ ನೆಕ್ಕುತ್ತಾ ಸುಮ್ಮನೆ ನಿಲ್ಲುತ್ತದೆ. ಕರುವಿಟ್ಟು ಕರೆದು ಬಲ್ಲ ನಮ್ಮ ಹಳ್ಳಿಯ ಹೆಂಗಸರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಾಲೆರ್ಸ್ ಎಂಬ ಚೀಸನ್ನು ಏಪ್ರಿಲ್ 15ರಿಂದ ನವೆಂಬರ್ 15ರವರೆಗೆ, ದನ ಹಸಿಹುಲ್ಲು ಮೇಯುವ ಕಾಲದಲ್ಲಿ ಮಾತ್ರ, ಮರದ ಕಡಾಯಿಯಲ್ಲೇ ಹಾಲು ಹೆಪ್ಪಿಟ್ಟು ಮಾಡಬೇಕೆಂಬುದು ಕಾನೂನು. ಬೆಟ್ಟದ ಮೇಲೆ ಒಂಟಿಯಾಗಿ ನಿಂತ ಬ್ಯುರೋಂ ಎಂಬ ಕಲ್ಲುಹಟ್ಟಿಗಳಲ್ಲಿ ಗೊಲ್ಲರು ಬೇಸಗೆಯಿಡೀ ಇದ್ದು ಚೀಸು ಕಟ್ಟುತ್ತಿದ್ದರು. ಈಗ ಹೆಚ್ಚಿನವು ಪಾಳು, ಕೆಲವು ಊಟದ ಮನೆಗಳಾಗಿವೆ. ಅಲ್ಲಿ ಸಿಗುವ ತ್ರುಫಾದ್, ಹುರಿದ ಆಲೂಗಡ್ಡೆಗೆ ಎಳೆಯ ಚೀಸನ್ನು ಕರಗಿಸಿ ಬೆರೆಸಿದ ತಿನಿಸು, ನಡೆದು ದಣಿದವರಿಗೆ ಮೃಷ್ಟಾನ್ನ. ಅದೇ ಹೆಸರಿನ ಸಾಲೆರ್ಸ್ ಪಟ್ಟಣದ ಕರಿಗಲ್ಲಿನ ಚೌಕ, ಮೊನಚು ಗೋಪುರಗಳ ಹದಿನಾರನೆಯ ಶತಮಾನದ ಮನೆಗಳು ಚೆಂದವಾಗಿ ಉಳಿದಿವೆ.

ಕಾಂತಾಲ್‌ನ ದಕ್ಷಿಣದ ಅಂಚಿನ ಶೋದ್-ಎಗ್ ಊರಿನ ಹೆಸರೇ ಬಿಸಿನೀರು ಎಂದು. ಅಲ್ಲಿನ ಪಾರ್ ಬುಗ್ಗೆಯ ನೀರು 82 ಡಿಗ್ರಿ ಸೆಲ್ಸಿಯಸ್. ಹದಿನಾಲ್ಕನೆಯ ಶತಮಾನದಿಂದ ಊರಿನವರು ಅದನ್ನು ನಳಿಗೆಗಳಲ್ಲಿ ಮನೆಗಳ ನೆಲದಡಿ ಹರಿಸಿ ಚಳಿ ಕಾಯಿಸಿಕೊಂಡರು. ಅಲ್ಲಿಂದ ದೂರವಿಲ್ಲದ ಗರಾಬಿಯಲ್ಲಿ ತ್ರುಯೇರ್ ನದಿಯ ಮೇಲೆ ಗುಸ್ತಾವ್ ಐಫೆಲ್ ಕಂಪನಿ 1884ರಲ್ಲಿ ಮುಗಿಸಿದ ಕೆಂಪು ರೈಲು ಸೇತುವೆ ಇದೆ, ಕಮಾನಿನ ಹರವು 165 ಮೀಟರ್. ಐದು ವರ್ಷದ ನಂತರ ಪ್ಯಾರಿಸಿನಲ್ಲಿ ಎದ್ದ ಗೋಪುರಕ್ಕೆ ಇಲ್ಲಿಯ ಅನುಭವವೇ ಬುನಾದಿ.

ಪೂರ್ವದ ವೆಲೇ ಸೀಮೆಯಲ್ಲಿ ಲ ಪ್ವಿ-ಆಂ-ವೆಲೇ ಪಟ್ಟಣವಿದೆ. ಓವೆರ್ನ್‌ನಲ್ಲಿ ಒಂದೇ ಊರು ನೋಡಲು ಬಿಡುವಿದ್ದವರು ಇದನ್ನೇ ಆರಿಸಿಕೊಳ್ಳಬೇಕು. ಜ್ವಾಲಾಮುಖಿಯ ಗಂಟಲಲ್ಲಿ ಗಟ್ಟಿಯಾದ ಲಾವಾ, ಹೊರಮೈ ಸವೆದ ಮೇಲೆ, ಊರ ನಡುವೆ ಸುಮಾರು 80 ಮೀಟರ್ ಎತ್ತರದ ಕಂಬವಾಗಿ ಉಳಿದಿದೆ. ಅದರ ನೆತ್ತಿಯ ಮೇಲೆ ಸಂತ ಮೈಕೇಲನ ಪುಟ್ಟ ಪ್ರಾರ್ಥನಾಲಯ, ಹತ್ತನೆಯ ಶತಮಾನದ್ದು. 268 ಮೆಟ್ಟಿಲು ಹತ್ತಬೇಕು. ಒಳಗೆ ಬಂಡೆ ಹೇಗೆ ಬಾಗಿದೆಯೋ ಗೋಡೆಯೂ ಹಾಗೇ ಬಾಗಿದೆ. ಇದನ್ನು ಕಟ್ಟಿಸಿದ ಬಿಷಪ್ ಗೋದೆಸ್ಕಾಲ್ಕ್ 950-51ರಲ್ಲಿ ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೇಲಾಗೆ ಯಾತ್ರೆ ಹೋಗಿಬಂದವನು. ಇಂದಿಗೂ ಬೆಳಗಿನ ಪೂಜೆ ಮುಗಿದ ಮೇಲೆ ಇಲ್ಲಿನ ಕ್ಯಾಥೆಡ್ರಲ್‌ನಿಂದ ಯಾತ್ರಿಕರು ಬೆನ್ನಿಗೆ ಚೀಲ ಹಾಕಿಕೊಂಡು ಅದೇ ದಾರಿ ಹಿಡಿಯುತ್ತಾರೆ, 1,500 ಕಿಲೋಮೀಟರಿಗೂ ಹೆಚ್ಚಿನ ನಡಿಗೆ. ಇನ್ನೊಂದು ಬಂಡೆಯ ಮೇಲೆ 1860ರಲ್ಲಿ ನಿಲ್ಲಿಸಿದ ಮೇರಿ ಮಾತೆಯ ಭಾರಿ ಪ್ರತಿಮೆ, ಕ್ರಿಮಿಯಾ ಯುದ್ಧದಲ್ಲಿ ಸೆವಾಸ್ತೊಪೋಲ್‌ನಲ್ಲಿ ವಶವಾದ 213 ಫಿರಂಗಿಗಳ ಕಬ್ಬಿಣವನ್ನು ಕರಗಿಸಿ ಎರಕ ಹೊಯ್ದದ್ದು. ಸುತ್ತಲಿನ ಹೊಲಗಳಲ್ಲಿ ಬೆಳೆಯುವ ಹಸಿರು ಮಸೂರ ಬೇಳೆ ಫ್ರಾನ್ಸಿನ ಅಡಿಗೆಮನೆಗಳಲ್ಲಿ ಹೆಸರುವಾಸಿ.

ಜ್ವಾಲಾಮುಖಿಯ ನೆರಳು ದಾಟಿದ ಮೇಲೂ ನೋಡುವಂಥವು ಇವೆ. ಲಾ ಶೇಸ್-ದ್ಯೂ ಮಠದ ಗೋಡೆಯಲ್ಲಿ ಹದಿನೈದನೆಯ ಶತಮಾನದ ಮೃತ್ಯುನರ್ತನದ ಚಿತ್ರವಿದೆ, ರಾಜ, ಪಾದ್ರಿ, ವ್ಯಾಪಾರಿ ಎಲ್ಲರ ಕೈಹಿಡಿದು ಸಾವು ಕುಣಿಸುತ್ತದೆ. ತಿಯೆರ್ ಊರಿನಲ್ಲಿ ದ್ಯುರೋಲ್ ಹೊಳೆಯ ರಭಸಕ್ಕೆ ತಿರುಗುವ ಸಾಣೆಕಲ್ಲಿನ ಮೇಲೆ ಹಲಗೆಯಲ್ಲಿ ಬೋರಲು ಮಲಗಿ ಕೆಲಸಗಾರರು ಚಾಕು ಮಸೆಯುತ್ತಿದ್ದರು. ಚಳಿಗೆ ಕಾಲಿನ ಮೇಲೆ ನಾಯಿಯನ್ನು ಮಲಗಿಸಿಕೊಳ್ಳುತ್ತಿದ್ದರು. ಫ್ರಾನ್ಸಿನಲ್ಲಿ ತಯಾರಾಗುವ ಚಾಕುಗಳಲ್ಲಿ ಬಹುಪಾಲು ಈಗಲೂ ಅಲ್ಲಿಯವು. ಉತ್ತರದ ವಿಶಿ ಬುಗ್ಗೆಗಳ ಊರು. 1940ರಿಂದ 1944ರವರೆಗೆ ನಾಜಿಗಳೊಡನೆ ಕೈಜೋಡಿಸಿದ ಸರ್ಕಾರ ಕುಳಿತ ಕಹಿಯೂ ಅದರ ಹೆಸರಿಗೆ ಅಂಟಿದೆ.

ಪ್ಯಾರಿಸಿನಿಂದ ಕ್ಲೆರ್ಮೋಂಗೆ ರೈಲಿನಲ್ಲಿ ಸುಮಾರು ಮೂರೂವರೆ ಗಂಟೆ. ಅಲ್ಲಿಂದ ಮುಂದೆ ಹಳ್ಳಿಗಳಿಗೆ ಬಸ್ಸು ವಿರಳ, ಕಾರು ಬೇಕಾಗುತ್ತದೆ. ಪ್ವಿ ಮಾರಿಯ ಪಕ್ಕದ ಪಾ ದ ಪೆರೋಲ್ ಘಾಟಿ ಚಳಿಗಾಲದಲ್ಲಿ ಹಿಮದಿಂದ ಮುಚ್ಚಿರುತ್ತದೆ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಹೋಗುವುದು ಮೇಲು. ಬೇಸಗೆಯಲ್ಲೂ ಪ್ವಿ ದ ದೋಮ್ ತುದಿಯಲ್ಲಿ ಗಾಳಿ ಕೊರೆಯುತ್ತದೆ, ದಪ್ಪ ಬಟ್ಟೆ ಜೊತೆಗಿರಲಿ.

ಪಾರ್ಯೂ ಗುಡ್ಡ ಹತ್ತುವವರಿಗೆ ಅಲ್ಲಿ ಮರದ ಮೆಟ್ಟಿಲುಗಳಿವೆ. ಆ ಗುಡ್ಡ ಬಂಡೆಯಲ್ಲ, ಸಡಿಲವಾದ ಕಿಟ್ಟದ ರಾಶಿ. ತೆಳುವಾದ ಹುಲ್ಲಿನ ಬೇರು ಅದನ್ನು ಹಿಡಿದಿಟ್ಟಿದೆ, ಹತ್ತಾರು ವರ್ಷ ಜನ ಅಡ್ಡಾದಿಡ್ಡಿ ತುಳಿದು ಮೈಯೆಲ್ಲ ಕೊರಕಲು ಬಿದ್ದ ಮೇಲೆ ಮೆಟ್ಟಿಲು ಹಾಕಿದರು. ಹೋದವರು ದಯವಿಟ್ಟು ಮೆಟ್ಟಿಲು ಬಿಟ್ಟು ಇಳಿಯಬೇಡಿ. ನೆನಪಿಗೆಂದು ಕೆಂಪು ಕಲ್ಲೊಂದನ್ನು ಎತ್ತಿಕೊಳ್ಳುವ ಮನಸ್ಸಾದರೂ ಅದನ್ನು ಅಲ್ಲೇ ಬಿಟ್ಟು ಬನ್ನಿ.